ನಾನು ಎತ್ತದ ನಲವತ್ತು ಕಲ್ಲುಗಳು

ಹಲೀಮಾ, ಆ ತೊರೆಯಲ್ಲಿ ನಾನು ಒಂದೇ ಒಂದು ಕಲ್ಲನ್ನೂ ಎತ್ತಿರಲಿಲ್ಲ. ನಲವತ್ತು ಕಲ್ಲು ಎತ್ತಿ ನೋಡಿದೆ, ಕಪ್ಪೆಗಳಿಲ್ಲ ಎಂದು ಹಾಳೆಯಲ್ಲಿ ಬರೆದದ್ದು ಶುದ್ಧ ಸುಳ್ಳು. ಥೂ — ಇಷ್ಟು ವರ್ಷದ ಮೇಲೆ ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆ.

2005ರ ಚಳಿಗಾಲ. ಆಕ್ಲೆಂಡಿನಲ್ಲಿ ನೀನು ಇಲ್ಲಿನ ಕಾಡುಕಪ್ಪೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ನಾನು ನಿನ್ನ ಸಹಾಯಕ. ಆಕ್ಲೆಂಡಿಗೆ ಹತ್ತಿರದ ಕೊರೊಮಂಡಲ್ ಬೆಟ್ಟಗಳ ಉತ್ತರಕ್ಕೂ ಕಪ್ಪೆಗಳಿದ್ದವು, ದಕ್ಷಿಣಕ್ಕೂ ಇದ್ದವು. ನಡುವಿನ ಕಣಿವೆಯಲ್ಲಿ ಇಲ್ಲದಿದ್ದರೆ ಅವು ಎರಡು ಬೇರೆ ಪ್ರಭೇದ ಎನ್ನಲು ನಿನಗೆ ಬಲ ಬರುತ್ತಿತ್ತು. ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದೆ. ಕೂಗದ ಕಪ್ಪೆ ಅದು, ಕಲ್ಲು ಎತ್ತದೆ ಕಾಣುವುದಿಲ್ಲ.

ನನಗೋ ಕಪ್ಪೆಯೆಂದರೆ ಮೊದಲಿಂದಲೂ ಅಸಹ್ಯ. ಆ ತಣ್ಣನೆಯ ಲೋಳೆ, ಉಗುರಿನ ಸಂದಿಗೆ ಸೇರುವ ಕೆಸರು... ಕೆಲಸ ಬೇಕಿತ್ತು, ಹೇಳಲಿಲ್ಲ. ಅವತ್ತು ಯೂಟ್ ಎನ್ನುವ ಪಿಕಪ್ ಗಾಡಿಯಲ್ಲೇ ಹೀಟರ್ ಹಾಕಿಕೊಂಡು ಕೂತು, ಇಲ್ಲಿನವರು ಡೇರಿ ಎನ್ನುವ ಮೂಲೆಯಂಗಡಿಯ ಬಿಸಿ ಪೈ ತಿಂದು, ಎಣ್ಣೆಗೈಯಲ್ಲಿ ಸೊನ್ನೆ ಬರೆದೆ.

"ಖರೇನ ಒಂದೂ ಇದ್ದಿಲ್ಲೇನೋ?" ಎಂದು ನಿನ್ನ ಹುಬ್ಬಳ್ಳಿ ಮಾತಿನಲ್ಲಿ ನೀನು ಕೇಳಿದೆ.

"ಇರ್ಲಿಲ್ಲ ಕಣೆ. ಬಗ್ಗಿ ಬಗ್ಗಿ ಸೊಂಟ ಬಿದ್ಹೋಯ್ತು" ಎಂದೆ ನಾನು. ಸೊಂಟದ ಮಾತು ಬೇರೆ — ನಾಚಿಕೆಗೆಟ್ಟ ಪ್ರಾಣಿ!

ಆ ಸೊನ್ನೆಯನ್ನು ನಂಬಿ ನೀನು ಎರಡು ಪ್ರಭೇದ ಎಂದು ಪ್ರಬಂಧ ಮಂಡಿಸಿದೆ. ಸಭೆಯಲ್ಲಿ ಒಬ್ಬ ಮುದುಕ ಎದ್ದು, ಅದೇ ತೊರೆಯಲ್ಲಿ ತಾನು ತೆಗೆದ ಫೋಟೊ ತೋರಿಸಿದ. ಮೊದಲ ಕಲ್ಲಿನಡಿಯಲ್ಲೇ ಮೂರು ಕಪ್ಪೆ. ಯಾರೋ ನಕ್ಕರು. ನೀನು ಮಾತ್ರ ನನ್ನ ಹೆಸರು ಹೇಳಿ, ಅವನು ಸುಳ್ಳು ಬರೆಯುವವನಲ್ಲ ಎಂದು ವಾದಿಸಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದ ನಾನು — ಬಾಯಿಗೆ ಬೀಗ.

ನೋಡದೆಯೇ ಸೊನ್ನೆ ಹಾಕಿದಳು ಎಂಬ ಹೆಸರು ನಿನಗೆ ಅಂಟಿತು. ಆ ವರ್ಷವೇ ನೀನು ಸಂಶೋಧನೆ ಬಿಟ್ಟು ಬಾಟನಿ ಡೌನ್ಸ್ ಬಡಾವಣೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅದೂ ನನಗೆ ಗೊತ್ತಿತ್ತು.

ಆದರೆ ನನಗೆ ವಾಕರಿಕೆ ತರುವುದು ಇನ್ನೊಂದು. ಅವತ್ತು ಸಭೆ ಮುಗಿದ ಮೇಲೆ, ಕಾರ್ ಪಾರ್ಕಿನಲ್ಲಿ, ಅತ್ತು ಕೆಂಪಾದ ಕಣ್ಣಲ್ಲಿ ನೀನೇ ನನ್ನ ಬಳಿ ಬಂದೆ.

"ಎಲ್ಲಾರ ಮುಂದ ನಿನ್ನ ಹೆಸರು ತಗೀಬಾರದಿತ್ತು ನಾ. ತಪ್ಪಾತೋ, ಕ್ಷಮಿಸಿಬಿಡು."

"ಇರ್ಲಿ ಬಿಡು" ಎಂದೆ.

ಕ್ಷಮಿಸಿದೆ, ಹಲೀಮಾ — ನಿನ್ನನ್ನು, ನಾನು!

ನಿನ್ನ ಮಾರ್ಗದರ್ಶಕರಿಗೆ ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕಳಿಸಿದ್ದೇನೆ. ಇದು ನಿನಗೆ. ಉತ್ತರ ಬರೆಯಬೇಡ.