ಮೇಲಿನ ಸಾಲಿನ ಬಟ್ಟೆ

ಬಟ್ಟೆ ಅಂಗಡಿಯಲ್ಲಿ ಅವನಿಗೆ ಏಣಿ ಎಂದೇ ಹೆಸರು. ಛಾವಣಿ ಮುಟ್ಟುವ ಕಪಾಟಿನ ಮೇಲಿನ ಸಾಲಿಗೆ ಸ್ಟೂಲು ಹತ್ತದೆ ಕೈಹಾಕುವವನು ಅಲ್ಲಿ ಅವನೊಬ್ಬನೇ. ಅಸಲಿ ಏಣಿಯೊಂದು ಗೋದಾಮಿನ ಮೂಲೆಯಲ್ಲಿ ಜೇಡರ ಬಲೆ ಹೊದ್ದು ಒರಗಿತ್ತು. ಇವನಿರುವಾಗ ಅದಕ್ಕೇನು ಕೆಲಸ?

ಬೆಲೆಬಾಳುವ ಬಟ್ಟೆಯ ಸುರುಳಿಗಳನ್ನು, ಆ ಥಾನುಗಳನ್ನೆಲ್ಲ, ಯಜಮಾನರು ಮೇಲಿನ ಸಾಲಿನಲ್ಲೇ ಇಡಿಸಿದ್ದರು. ಕೆಳಗೆ ಜಾಗವಿಲ್ಲದೆ ಅಲ್ಲ. ಎತ್ತರದ ಆಳೊಬ್ಬ ಕಣ್ಣೆದುರೇ ತುದಿಗಾಲಲ್ಲಿ ನಿಂತು, ಕೈ ಚಾಚಿ, ಭಾರದ ಥಾನು ಇಳಿಸಿ, ಕೌಂಟರಿನ ಮೇಲೆ ಒಂದೇ ಬೀಸಿಗೆ ಹರಡಿದರೆ ‘ಬೇಡ’ ಎನ್ನಲು ಗಿರಾಕಿಗೆ ನಾಲಿಗೆ ಏಳುವುದಿಲ್ಲ. ಎರಡನೆಯದನ್ನೂ ಇಳಿಸಿದರೆ ಮುಗಿದೇ ಹೋಯಿತು. ಪಾಪ, ಇಷ್ಟು ಕಷ್ಟಪಟ್ಟನಲ್ಲ ಎಂದು ಪರ್ಸು ತಾನಾಗಿಯೇ ಬಾಯಿ ಬಿಡುತ್ತದೆ. ಮೇಲಿನ ಸಾಲಿಗೂ ನಡುವಿನ ಸಾಲಿಗೂ ನೂಲಿನಲ್ಲಿ ಇದ್ದ ವ್ಯತ್ಯಾಸ ಅಷ್ಟಕ್ಕಷ್ಟೇ. ಮಿಕ್ಕಿದ್ದೆಲ್ಲ ಏಣಿಯ ಕೈಯದು.

ಈ ಮಂತ್ರ ತಗುಲದ ಗಿರಾಕಿ ಅಂದರೆ ಒಬ್ಬಳೇ. ಹಿಂದೊಮ್ಮೆ ಬಂದವಳು ಮೇಲಿನ ಸಾಲನ್ನು ಪೂರ್ತಿ ಇಳಿಸಿ, ಬಣ್ಣ ಬಿಡುತ್ತದಾ, ಕುಗ್ಗುತ್ತದಾ, ಮಗುಚಿ ತೋರಿಸಿ ಎಂದು ಒಂದೊಂದಕ್ಕೂ ತಲೆ ತಿಂದು, ಕೊನೆಗೆ ಒಂದು ಕರವಸ್ತ್ರವನ್ನೂ ಕೊಳ್ಳದೆ ಹೋದಳು. ಮತ್ತೆ ಬಂದಳು. ಮತ್ತೆ ಇಳಿಸಿದಳು. ಅವಳನ್ನೇ ಏಣಿ ಮದುವೆಯಾದ. ಇಳಿಸಿದ್ದನ್ನು ಮಡಚಲು ಜನ ಬೇಕಿತ್ತು, ಅದಕ್ಕೇ ಕಟ್ಟಿಕೊಂಡ ಎಂದು ಅಂಗಡಿಯವರು ಈಗಲೂ ಆಡಿಕೊಳ್ಳುತ್ತಾರೆ.

ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯತೊಡಗಿದಾಗ ಏಣಿ ಕೈ ಕೊಡವಿ ಸುಮ್ಮನಾದ. ಬರಬರುತ್ತಾ ಕೈ ಮೇಲೆತ್ತಿದರೆ ಸಾಕು, ಕತ್ತಿನ ಬುಡದಿಂದ ಬೆರಳ ತುದಿಯವರೆಗೆ ನೋವು ಹರಿದು ಹಿಡಿತ ಸಡಿಲವಾಗುತ್ತಿತ್ತು. ಫಿಸಿಯೋಥೆರಪಿ ಆಯಿತು, ಎಕ್ಸ್‌ರೇ ಆಯಿತು, ನರದ ಪರೀಕ್ಷೆ, ಸ್ಕ್ಯಾನು ಎಲ್ಲ ಆದವು. ಕೊನೆಗೆ ಸರ್ಜನ್ ಒಬ್ಬರು ಚಿತ್ರ ಬರೆದು ತೋರಿಸಿದರು: ಅಂಗಿಯ ಕಾಲರಿನ ಕೆಳಗೆ ಒಂದು ಮೂಳೆ, ಅದರ ಕೆಳಗೆ ಮೊದಲನೆಯ ಪಕ್ಕೆಲುಬು, ಇವೆರಡರ ನಡುವಿನ ಸಂದಿಯಲ್ಲಿ ಕೈಗೆ ಹೋಗುವ ನರಗಳು, ರಕ್ತನಾಳಗಳು. ಇವನಿಗೆ ಆ ಸಂದಿ ಇಕ್ಕಟ್ಟು. ವ್ಯಾಯಾಮದಿಂದ ಗುಣ ಕಾಣದ್ದರಿಂದ ಪಕ್ಕೆಲುಬು ತೆಗೆದು, ಬಿಗಿದುಕೊಂಡ ಸ್ನಾಯು ಬಿಡಿಸಿದರೆ ನರಕ್ಕೆ ಜಾಗವಾದೀತು. ಏನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಿದ್ದಕ್ಕೆ ಏಣಿ, ಕೌಂಟರಿನವರೆಲ್ಲ ಹೇಳುವಂತೆ, ಗತ್ತಿನಿಂದಲೇ “ಬಟ್ಟೆ ವ್ಯಾಪಾರ” ಎಂದ. ಹಾಗಾದರೆ ಮೂರು ವಾರ ಬಿಟ್ಟು ಅಂಗಡಿಗೆ ಹೋಗಬಹುದು ಎಂದರು. ಏಣಿ ತಲೆಯಾಡಿಸಿ ಎದ್ದುಬಂದ.

ಮನೆಯಲ್ಲಿ ವಿಚಾರಣೆ ಶುರುವಾಯಿತು. ಮತ್ತೇನು ಕೇಳಿದಿರಿ ಎಂದರೆ ಏನೂ ಇಲ್ಲ. ಬೇರೆ ದಾರಿ ಇದೆಯಾ, ಎಲ್ಲಿ ಕೊಯ್ಯುತ್ತಾರೆ, ಯಾವುದಕ್ಕೂ ಉತ್ತರವಿಲ್ಲ. ಹೆಂಡತಿ ಕೈಲಿದ್ದ ಪಾತ್ರೆ ಕೆಳಗಿಟ್ಟಳು.

“ರೀ, ಎರಡು ಮೀಟರ್ ಬಟ್ಟೆಗೆ ನಾನು ಅಷ್ಟು ಕೇಳ್ತೀನಿ. ನೀವು ಮೈಯೊಳಗಿನ ಎಲುಬು ಕೊಟ್ಟು ಬರೋಕೆ ಒಪ್ಕೊಂಡ್ರಿ, ಒಂದು ಮಾತು ಕೇಳ್ಲಿಲ್ವಾ?”

“ಕೊರೆಯೋ ಗಿರಾಕಿ ಅಂದ್ಕೊಳ್ತಾರೆ ಕಣೇ.”

“ಅಂದ್ಕೊಳ್ಳಲಿ ಬಿಡಿ. ನೀವೂ ಅಂದ್ಕೊಂಡಿದ್ರಿ.”

ಕೇಳದೆ ಬಂದದ್ದಕ್ಕೆ ಸಂಕೋಚ ಅರ್ಧ ಕಾರಣ. ಇನ್ನರ್ಧವನ್ನು ಏಣಿ ಬಾಯಿಬಿಡಲಿಲ್ಲ. ಅವನಿಗೆ ಬೇಕಿದ್ದ ಉತ್ತರ ಒಂದೇ: ಈ ಕೈ ಮತ್ತೆ ಮೇಲಿನ ಸಾಲಿಗೆ ಹೋಗುತ್ತದಾ? ಹೋಗುವುದಿಲ್ಲ ಎಂದುಬಿಟ್ಟರೆ ಅಂಗಡಿಯಲ್ಲಿ ತಾನು ಬರೀ ಉದ್ದನೆಯ ಮನುಷ್ಯ.

ಎರಡನೆಯ ಸಲ ಅವಳೂ ಬಂದಳು. ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತ ರೀತಿಯಲ್ಲೇ ಏಣಿಗೆ ಗೊತ್ತಾಯಿತು, ಇವತ್ತು ಕಪಾಟು ಖಾಲಿ. ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಕತ್ತಿನ ಕಡೆಯಿಂದ ಕೊಯ್ಯುತ್ತೀರೋ, ಕಂಕುಳಿಂದಲೋ, ಯಾಕೆ? ಮಾಡಿಸದೆ ಇದ್ದರೆ ಏನಾಗುತ್ತದೆ? ಎಡವಟ್ಟಾದರೆ ಏನೇನು ಆಗಬಹುದು? ಡಾಕ್ಟರು ಬೇಸರಿಸದೆ ಹೇಳಿದರು. ರಕ್ತಸ್ರಾವ ಆಗಬಹುದು, ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು, ನರಕ್ಕೆ ಪೆಟ್ಟು ಬೀಳಬಹುದು. ಅಪರೂಪ, ಆದರೆ ಇಲ್ಲ ಎನ್ನಲಾರೆ. ಹೆಚ್ಚಿನವರಿಗೆ ನೋವು ಇಳಿದಿದೆ, ಎಲ್ಲರಿಗೂ ಅಲ್ಲ. ಕೆಲವರು ಇದ್ದಲ್ಲೇ ಇದ್ದಾರೆ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಏಣಿ ಈಗ ತಲೆಯೆತ್ತಿದ. ಬಟ್ಟೆಯ ಹುಳುಕನ್ನು ಗಿರಾಕಿ ಕಾಣುವ ಮೊದಲೇ ತಾನಾಗಿ ತೋರಿಸುವ ವ್ಯಾಪಾರಿಯನ್ನು ಅವನು ಹೆಚ್ಚು ಕಂಡಿರಲಿಲ್ಲ. ತಾನಂತೂ ಆಗಿರಲಿಲ್ಲ.

ತಯಾರಿಯ ಮಾತು ಬಂತು. ನುಂಗುವ ಮಾತ್ರೆಗಳನ್ನೆಲ್ಲ, ಅಂಗಡಿಯಿಂದ ಸುಮ್ಮನೆ ತಂದ ನೋವಿನ ಮಾತ್ರೆಯನ್ನೂ ಸೇರಿಸಿ, ಈಗಲೇ ತಿಳಿಸಬೇಕು. ಮುಂದೆ ಗುಂಡಿಯಿರುವ ಸಡಿಲ ಅಂಗಿ ಬೇಕು, ತಲೆಯ ಮೇಲಿಂದ ಹಾಕುವಂಥದ್ದು ಬೇಡ. ಸಿಗರೇಟು ಇದೆಯಾ ಎಂದದ್ದಕ್ಕೆ ಏಣಿ ಇಲ್ಲವೆಂದ. ಹೆಂಡತಿ ಅವನತ್ತ ತಿರುಗಿಯೂ ನೋಡದೆ “ಗೋದಾಮಿನ ಹಿಂದೆ ಇದೆ ಡಾಕ್ಟ್ರೇ” ಎಂದಳು. ಇವತ್ತೇ ಬಿಡಬೇಕು ಎಂದರು ಡಾಕ್ಟರು.

ಎಲ್ಲ ಮುಗಿಯಿತು ಅನ್ನುವಾಗ, ಮೂರು ವಾರದ ಮೇಲೆ ಅಂಗಡಿಯಲ್ಲಿ ಕೂತು ವ್ಯಾಪಾರ ನೋಡಿಕೊಳ್ಳಬಹುದು ಎಂದು ಅವರು ಮತ್ತೆ ಹೇಳಿದರು.

“ಕೂತಾ?” ಅಂದಳು ಹೆಂಡತಿ. “ಇವರು ಅಂಗಡಿಯಲ್ಲಿ ಕೂತಿದ್ದನ್ನ ನಾನು ಕಂಡೇ ಇಲ್ವಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗಾದರೆ ನಿಮ್ಮ ಕೆಲಸ ಹೇಗೆ, ಒಮ್ಮೆ ತೋರಿಸಿ ಎಂದರು. ಪರೀಕ್ಷೆಯ ಮಂಚದ ಮೇಲೆ ಮಡಚಿಟ್ಟ ಹೊದಿಕೆಯನ್ನು ಏಣಿ ಕಬ್ಬಿಣದ ಬೀರುವಿನ ತಲೆಯ ಮೇಲಿಟ್ಟ. ತುದಿಗಾಲಲ್ಲಿ ನಿಂತು, ದಿನವಿಡೀ ಮಾಡುವ ಹಾಗೆ ಕೈ ಚಾಚಿದ. ಡಾಕ್ಟರು ಎದ್ದು ಬಂದು ಚಾಚಿದ ಕೈಯ ನಾಡಿ ಹಿಡಿದು ನೋಡಿದರು, ಇನ್ನೂ ಸ್ವಲ್ಪ ಹಾಗೇ ಇರಿ ಎಂದರು. ಬೆರಳು ಬೆಳ್ಳಗಾಗುತ್ತಾ ಬಂತು. ಆಮೇಲೆ ಹೊದಿಕೆಯನ್ನು ಎಳೆದು ಬೀಸಹೋದವನ ಕೈಯಿಂದ ಅದು ಜಾರಿ ನೆಲದ ಮೇಲೆ ಮುದ್ದೆಯಾಗಿ ಬಿತ್ತು. ನೋಡುವವರ ಎದುರು ಅವನ ಕೈಯಿಂದ ಬಟ್ಟೆ ಬಿದ್ದದ್ದು ಅದೇ ಮೊದಲು.

ಎತ್ತಿಕೊಳ್ಳಲು ಹೆಂಡತಿ ಬಾಗಿದಳು. ಆಗ ಏಣಿ ತನ್ನ ಒಂದೇ ಪ್ರಶ್ನೆ ಕೇಳಿದ.

“ಆಪರೇಷನ್ ಆದ್ಮೇಲೆ ಈ ಕೈ ಮೇಲಕ್ಕೆ ಹೋಗುತ್ತಾ ಡಾಕ್ಟ್ರೇ?”

“ಹೋಗಬಹುದು. ಆದ್ರೆ ದಿನವಿಡೀ ಕಳಿಸ್ಬೇಡಿ. ಮತ್ತೆ ಇಲ್ಲಿಗೇ ಬರ್ತೀರಿ.” ಆಮೇಲೆ ಮೆಲ್ಲಗೆ ಸೇರಿಸಿದರು, “ಇದನ್ನ ಮೊದಲೇ ತೋರಿಸಿದ್ರೆ ಮೂರು ವಾರ ಅಂತ ನಾನು ಹೇಳ್ತಿರ್ಲಿಲ್ಲ. ತಿಂಗಳುಗಳ ಮಾತು ಇದು.”

ಹೊರಗೆ ಮೆಟ್ಟಿಲಿಳಿಯುವಾಗ ಮಾಡಿಸೋಣ ಎಂದ ಏಣಿ. ಹೆಂಡತಿ ಹೂಂ ಎಂದಳೇ ಹೊರತು ಮತ್ತೇನೂ ಕೇಳಲಿಲ್ಲ. ಅದು ಅವನಿಗೆ ಹೊಸದು.

ಮನೆಯಲ್ಲಿ ಅಟ್ಟದ ಮೇಲಿನ ಡಬ್ಬಿಗಳೆಲ್ಲ ಸೊಂಟದ ಎತ್ತರಕ್ಕೆ ಇಳಿದವು. ಉಸಿರೆಳೆದರೆ ಗುಂಡುಗಳು ಮೇಲೇಳುವ ಆಟಿಕೆಯಂಥದ್ದೊಂದನ್ನು ಶ್ವಾಸಕೋಶದ ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಕೊಟ್ಟಿದ್ದರು; ಸಿಗರೇಟು ನೆನಪಾದಾಗೆಲ್ಲ ಏಣಿ ಅದನ್ನೇ ಎಳೆದ. ಆದರೆ ಅಂಗಡಿಯಲ್ಲಿ, ಮೇಲಿನ ಸಾಲನ್ನು ಕೆಳಗಿಳಿಸೋಣ ಎಂದದ್ದಕ್ಕೆ ಯಜಮಾನರು ಮುಖ ಹುಳ್ಳಗೆ ಮಾಡಿದರು.

“ಕೆಳಗಿಟ್ರೆ ಅದು ಬರೀ ಬಟ್ಟೆ ಆಗ್ಬಿಡುತ್ತಪ್ಪಾ ಏಣಿ. ಮೊದಲು ಹುಷಾರಾಗಿ ಬಾ. ಆಮೇಲೆ ನೋಡೋಣ.”

ನೋಡೋಣ ಎಂದರೆ ಏನರ್ಥವೆಂದು ಏಣಿಗೆ ಗೊತ್ತಿತ್ತು. ಬೇಡ ಎನ್ನಲು ನಾಲಿಗೆ ಏಳದ ಗಿರಾಕಿಗಳು ಬಾಗಿಲ ಹತ್ತಿರ ಅದನ್ನೇ ಹೇಳುತ್ತಾರೆ.

ಆಪರೇಷನ್ ಆಯಿತು. ಎಡವಟ್ಟೇನೂ ಆಗಲಿಲ್ಲ. ನೋವು ಬಹಳಷ್ಟು ಇಳಿಯಿತು, ಬೆಳಗಿನ ಹೊತ್ತು ಕಿರುಬೆರಳ ತುದಿ ಮಾತ್ರ ಇನ್ನೂ ಸ್ವಲ್ಪ ಮಂದ. ತಿಂಗಳುಗಳ ಮೇಲೆ ಅಂಗಡಿಗೆ ಬಂದಾಗ ಗೋದಾಮಿನ ಏಣಿ ಒರೆಸಿಕೊಂಡು ಕಪಾಟಿಗೆ ಒರಗಿತ್ತು, ಅದರ ಮೇಲೆ ಬೇರೊಬ್ಬ ಹತ್ತಿಳಿಯುತ್ತಿದ್ದ. ಇವನಿಗೆ ಮೂಲೆಯ ಕೌಂಟರು, ಲೈನಿಂಗ್ ಬಟ್ಟೆ. ಯಜಮಾನರು ಗಲ್ಲಾದಿಂದ ನೋಡುತ್ತಿದ್ದರು, ಇವನೂ ಅವರು ನೋಡುವುದನ್ನು ನೋಡುತ್ತಿದ್ದ.

ಸಂಜೆ ಮುಂದೆ ಹೆಂಗಸೊಬ್ಬಳು ಇಡೀ ಮೇಲಿನ ಸಾಲು ತಿರಸ್ಕರಿಸಿ ಬಾಗಿಲತ್ತ ಹೊರಟಳು. ಅವಳು ಹತ್ತಿರ ಬಂದಾಗ ಏಣಿ ಆಚೆ ಈಚೆ ನೋಡಿದ. ಎಡಗೈ ಕೌಂಟರಿಗೆ ಊರಿ, ನಿಧಾನಕ್ಕೆ ಬಗ್ಗಿ, ಬೆಳಿಗ್ಗೆಯೇ ಗೋದಾಮಿನಿಂದ ತಂದು ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದ ಥಾನೊಂದನ್ನು ಈಚೆ ತೆಗೆದ. ಅವಳು ಈಗಷ್ಟೇ ಬೇಡವೆಂದ ಬಟ್ಟೆಯದ್ದೇ ಇನ್ನೊಂದು ಥಾನು ಅದು.

“ಇದನ್ನ ಎಲ್ಲರಿಗೂ ತೋರಿಸಲ್ಲ ಅಮ್ಮಾ,” ಎಂದ, ತೀರಾ ಮೆಲ್ಲಗೆ.

ಆ ದೊಡ್ಡ ದೇಹ ಅಷ್ಟು ಕಷ್ಟದಿಂದ ಬಗ್ಗಿ ಎದ್ದದ್ದನ್ನು ಕಂಡ ಮೇಲೆ ಅವಳು ಬೇಡವೆನ್ನಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲು ಯಜಮಾನರು ಮುಂದೆ ನಿಂತು ಮೇಲಿನ ಸಾಲನ್ನೆಲ್ಲ ಏಣಿಯ ಕೌಂಟರಿನ ಕೆಳಗೆ ಇಳಿಸಿದರು.

ರಾತ್ರಿ ಊಟಕ್ಕೆ ಕೂತಾಗ ಏಣಿ ಎಲ್ಲವನ್ನೂ ಹೆಂಡತಿಗೆ ಹೇಳಿದ.

“ಅದು ಕುಗ್ಗುತ್ತಾ ಅಂತ ಅವಳು ಕೇಳಿದ್ಲಾ?”

“ಇಲ್ಲ.”

“ಪಾಪ,” ಎಂದಳು, ಇನ್ನೊಂದು ಸೌಟು ಬಡಿಸುತ್ತಾ.