ಪುಣೆಯ ಕಪಾಟಿನಲ್ಲೊಂದು ಕುರುಡು ಹಕ್ಕಿ

ಖಾನಾಪುರ ಸ್ಟೇಷನ್ ಬಿಡುವ ಮೊದಲೇ ನನ್ನ ಜಗಳ ಶುರುವಾಗಿತ್ತು. ಅಪ್ಪ ಹುಲ್ಲು ತುಂಬಿದ ಬಿದಿರು ಬುಟ್ಟಿಯನ್ನು ಎದೆಗವಚಿಕೊಂಡು ಮೂರನೇ ದರ್ಜೆಯ ಡಬ್ಬಿ ಹತ್ತುತ್ತಿದ್ದ. ಟಿಕೀಟು ನೋಡುವವನು ಬಂದು ಅದನ್ನು ಸಾಮಾನಿನ ಡಬ್ಬಿಗೆ ಒಗೆಯಿರಿ ಎಂದ. ಒಗೆಯಬೇಕಂತೆ!

"ಮಣ್ಣಿನ ಹಕ್ಕಿ ಅದಾವ್ರೀ ಸಾಹೇಬ್ರ. ಒಗದ್ರ ಉಳೀತಾವೇನ್ರೀ?" ಎಂದ ಅಪ್ಪ.

"ಹಕ್ಕಿ ಇರ್ಲಿ, ಹಂಡೆ ಇರ್ಲಿ, ಕಾಯದೆ ಅಂದ್ರ ಕಾಯದೆ."

"ಹಂಗಾರ ಆ ಹೆಣ್ಮಗಳ ತೊಡಿ ಮ್ಯಾಲಿನ ಕೂಸನ್ನೂ ಸಾಮಾನಿನ ಡಬ್ಬಿಗೆ ಹಾಕ್ರಿ," ಎಂದೆ ನಾನು. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಅವನು ಗೊಣಗುತ್ತ ಮುಂದೆ ಹೋದ.

ನಾನು ಖಾನಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಅಪ್ಪ ಭರಮಪ್ಪ ಕುಂಬಾರ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಈ ಪ್ರವಾಸದಲ್ಲಿ ಅದು ಅಲ್ಲೇ ಇತ್ತು, ಮತ್ತು ಇದ್ದದ್ದೇ ಒಳ್ಳೆಯದಾಯಿತು.

ಬುಟ್ಟಿಯ ಸಂಗತಿ ಹೇಳಬೇಕು. ನಾನು ಸಣ್ಣವಳಿದ್ದಾಗ ನಮ್ಮೂರ ಹತ್ತಿರದ ರೈಲು ಸೇತುವೆಯ ಕೆಲಸಕ್ಕೆ ಯುರೋಪಿನ ಒಬ್ಬ ಇಂಜಿನಿಯರು ಬಂದು ಕೆಲವು ವರ್ಷ ಇದ್ದರು. ಅವರ ಹೆಂಡತಿ ಕತರೀನಾ ಬಾಯಿ. ಊರವರು ಅವರನ್ನು ಮೊದಲು ಇಂಗ್ಲಿಷರು ಎಂದರು, ಆಮೇಲೆ ಜರ್ಮನರು ಎಂದರು. ಬಾಯಿ ಎರಡಕ್ಕೂ ಅಲ್ಲವೆಂದು ತಲೆಯಾಡಿಸಿ "ಲಕ್ಸೆಂಬರ್ಗ" ಎನ್ನುತ್ತಿದ್ದರು. ಜರ್ಮನಿ, ಫ್ರಾನ್ಸ್, ಬೆಲ್ಜಿಯಂ ಮೂರರ ನಡುವೆ ಸಿಕ್ಕ, ನಮ್ಮ ಬೆಳಗಾವಿ ಜಿಲ್ಲೆಗಿಂತ ಎಷ್ಟೋ ಚಿಕ್ಕದಾದ ದೇಶ ಅದು. ಆದರೂ ತನ್ನದೇ ದೊರೆಸಾನಿ, ತನ್ನದೇ ಮಾತು, ತನ್ನದೇ ಹಬ್ಬ. ಅಪ್ಪನ ಬಾಯಲ್ಲಿ ಅದು "ಲಕ್ಸಂಬರಗಿ" ಆಯಿತು, ಕಲಬುರಗಿಯ ತಂಗಿ ಇದ್ದ ಹಾಗೆ.

ಆ ದೇಶದಲ್ಲಿ ಈಸ್ಟರ್ ಹಬ್ಬದ ಮರುದಿನ, ಸೋಮವಾರ, ಕುಂಬಾರರ ಸಂತೆ ಕೂಡುತ್ತದಂತೆ. ಅಲ್ಲಿ ಮಾರುವುದು ಮಣ್ಣಿನ ಹಕ್ಕಿ. ಬಾಲಕ್ಕೆ ಬಾಯಿ ಇಟ್ಟು ಊದಿದರೆ ಕೋಗಿಲೆಯ ಹಾಗೆ ಎರಡು ಸ್ವರ ಬರುತ್ತದೆ. ಹುಡುಗರು ತಾವು ಮೆಚ್ಚಿದ ಹುಡುಗಿಗೆ ಅದನ್ನು ಕೊಡುತ್ತಾರೆ. ಇಂಜಿನಿಯರು ಕೊಟ್ಟಿದ್ದ ಒಂದು ಹಕ್ಕಿಯನ್ನು ಬಾಯಿ ಹಡಗಿನಲ್ಲಿ ಜೋಪಾನವಾಗಿ ತಂದಿದ್ದರು. ಅದು ಖಾನಾಪುರದಲ್ಲಿ ಕೊಕ್ಕು ಮುರಿದುಕೊಂಡಿತು. ಅಪ್ಪ ಅದನ್ನು ನೋಡಿ ಇನ್ನೊಂದು ಮಾಡಿಕೊಟ್ಟ. ಅಂದಿನಿಂದ ಪ್ರತಿ ಈಸ್ಟರಿಗೆ ನಮ್ಮ ಆವಿಗೆಯಲ್ಲಿ ಒಂದಿಷ್ಟು ಹಕ್ಕಿ ಬೇಯುವುದು ರೂಢಿಯಾಯಿತು.

ಇಂಜಿನಿಯರು ತೀರಿಕೊಂಡರು. ಬಾಯಿ ಪುಣೆಯ ಕ್ಯಾಂಪಿನಲ್ಲಿ ಪಿಯಾನೋ ಪಾಠ ಹೇಳಿಕೊಂಡು ಉಳಿದರು. ಈಗ ವಯಸ್ಸಾಗಿ, ಮಳೆಗಾಲಕ್ಕೆ ಮೊದಲು ತವರಿಗೆ ಹೊರಟಿದ್ದರು. ಹೋಗುವ ಮುನ್ನ ಅವರಿಗೆ ಒಂದೇ ಆಸೆ. ಪುಣೆಯ ಒಂದು ಸಂಘದವರು ದೇಶದೇಶಗಳ ಕೈಕೆಲಸದ ಪ್ರದರ್ಶನ ಇಡುತ್ತಿದ್ದರು. ಪ್ರತಿ ದೇಶಕ್ಕೊಂದು ಮೇಜು. ಮೇಜಿನಿಂದ ಒಂದೊಂದು ವಸ್ತು ಅವರ ಮ್ಯೂಸಿಯಮ್ಮಿನ ಗಾಜಿನ ಕಪಾಟಿನಲ್ಲಿ ಖಾಯಂ ಉಳಿಯುತ್ತದೆ. ಲಕ್ಸೆಂಬರ್ಗಕ್ಕೂ ಒಂದು ಮೇಜು ಎಂದು ಬಾಯಿಗೆ ಮಾತು ಕೊಟ್ಟಿದ್ದರು. ಆ ಮೇಜಿಗೆ ಹಕ್ಕಿಗಳನ್ನು ಈಸ್ಟರಿನ ಹೊತ್ತಿಗೆ ತರಬೇಕೆಂದು ಬಾಯಿ ಅಪ್ಪನಿಗೆ ಕಾಗದ ಬರೆಸಿದ್ದರು. ತಾನು ಅರ್ಧ ಆಯುಷ್ಯ ಕಳೆದ ಈ ನಾಡಿನಲ್ಲಿ ತನ್ನ ದೇಶದ ಹೆಸರು ಒಂದು ಕಡೆಯಾದರೂ ಬರೆದಿರಬೇಕು ಎಂಬುದು ಅವರ ಆಸೆ. ಇಷ್ಟೇ. ಇದೇನು ಆಕಾಶ ಕೇಳಿದ ಹಾಗಾಯಿತೇ?

ಬೆಳಗಾವಿ ದಾಟಿದ ಮೇಲೆ ಬಿಸಿಲು ಕಿಟಕಿಯಿಂದ ಒಳಗೇ ಬಂದು ಕೂತಿತು. ಘಟಪ್ರಭಾ ಬರುವ ಹೊತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಬಿಚ್ಚಿದೆವು. ಎದುರಿಗೆ ಕೂತಿದ್ದ ಮಿರಜದ ಮುದುಕಿ ನಮ್ಮ ಹಿಂಡಿ ತಿಂದು, ತನ್ನ ಚಿವಡಾ ಕೊಟ್ಟು, ಬುಟ್ಟಿಯೊಳಗೆ ಇಣುಕಿದಳು. "ಅಗಬಾಯಿ! ಡೋಳೇಚ ನಾಹೀತ!" ಎಂದಳು. ಕಣ್ಣೇ ಇಲ್ಲವಲ್ಲ ಎಂದು ಅವಳ ಗಾಬರಿ.

ನಿಜ, ಒಂದಕ್ಕೂ ಕಣ್ಣಿರಲಿಲ್ಲ. ಅದು ನಮ್ಮ ಮನೆತನದ ಪದ್ಧತಿ. ಮಣ್ಣೆತ್ತು ಮಾಡಲಿ, ಗಣಪತಿ ಮಾಡಲಿ, ಕಣ್ಣು ಬಿಡಿಸುವುದು ಅದು ಕೂರುವ ಜಾಗದಲ್ಲೇ. ಆ ಮನೆಯ ದೀಪದ ಕಾಡಿಗೆ, ಆ ಮನೆಯ ಸುಣ್ಣ, ನಮ್ಮ ಜಾಲಿಮುಳ್ಳು. ಅಪ್ಪ ತನ್ನ ಅರೆಬರೆ ಮರಾಠಿಯಲ್ಲಿ ಅವಳಿಗೆ ತಿಳಿಸಿ ಹೇಳಿದ. ನನಗೆ ಕನ್ನಡದಲ್ಲಿ ಮತ್ತೆ ಹೇಳಿದ, ನನಗೆ ಗೊತ್ತಿಲ್ಲವೆಂಬಂತೆ: "ಮನಿ ಮುಟ್ಟೂ ತನಕ ಅದು ಏನೂ ನೋಡಬಾರದವ್ವಾ. ಮೊದಲ ನೋಡೂದು ತನ್ನ ಮನೀನ ಆಗಿರಬೇಕು."

ಬೆಳಿಗ್ಗೆ ಜೇಜುರಿಯಲ್ಲಿ ಡಬ್ಬಿ ಹಳದಿಯಾಯಿತು. ಖಂಡೋಬನ ದರ್ಶನ ಮುಗಿಸಿದ ನಮ್ಮ ವಿಜಾಪುರದ ಕಡೆಯ ಒಂದು ಗುಂಪು ಅರಿಷಿಣದ ಭಂಡಾರ ಎರಚುತ್ತ, "ಏಳು ಕೋಟಿಗೆ" ಕೂಗುತ್ತ ನುಗ್ಗಿತು. ಕಂಬಳಿ ಹೊದ್ದ ಒಬ್ಬ ಅಜ್ಜಿ ಕೇಳದೆಯೇ ಬುಟ್ಟಿಯ ಮೇಲೊಂದು ಹಿಡಿ ಭಂಡಾರ ಸುರಿದಳು.

"ಯಾವ ದೇವರಿಗೆ ಒಯ್ಯಾಕ್ಹತ್ತೀರಿ ಯಪ್ಪಾ ಇವನ್ನ?"

"ದೇವರಿಗೆ ಅಲ್ಲವ್ವಾ. ಒಂದು ಸಣ್ಣ ದೇಶಕ್ಕ."

"ಸಣ್ಣದಿದ್ರ ಇನ್ನಷ್ಟು ಹಾಕಬೇಕು ತಗೋ," ಎಂದು ಅಜ್ಜಿ ಇನ್ನೊಂದು ಹಿಡಿ ಸುರಿದಳು. ಪುಣೆ ಮುಟ್ಟುವಷ್ಟರಲ್ಲಿ ನಾನು, ಅಪ್ಪ, ಹಕ್ಕಿ ಎಲ್ಲರೂ ಅರಿಷಿಣದ ಮದುಮಕ್ಕಳಾಗಿದ್ದೆವು.

ಟಾಂಗಾ ಮಾಡಿಕೊಂಡು ಕ್ಯಾಂಪಿಗೆ ಹೋದೆವು. ಕತರೀನಾ ಬಾಯಿ ಗೇಟಿನಲ್ಲೇ ನಿಂತಿದ್ದರು. ತೆಳ್ಳಗಾಗಿದ್ದರು, ಕೋಲು ಹಿಡಿದಿದ್ದರು. ಖಾನಾಪುರದಲ್ಲಿ ಕಲಿತ ಕನ್ನಡ ಮಾತ್ರ ಹಾಗೇ ಇತ್ತು, ಯಾರಿಗೂ ಬಹುವಚನವಿಲ್ಲದ ಕನ್ನಡ. "ಬಂದೀ ಭರಮಪ್ಪಾ? ಭಾಳ ಮುದುಕ ಆಗಿ ನೀನು!" ಎಂದರು. ಅಪ್ಪ ನಕ್ಕು, "ನೀವೇನ್ ಹರೇದವರು ಉಳದೀರೇನ್ರೀ ಬಾಯಾರ?" ಎಂದ. ಬಾಯಿ ಕೈಚೀಲದಿಂದ ಒಂದು ರಟ್ಟು ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ದೇಶದ ಹೆಸರು ಬರೆದಿದ್ದರು. ಕೆಳಗೆ ಕನ್ನಡದಲ್ಲಿ ಬರೆಯಲು ಜಾಗ ಬಿಟ್ಟಿದ್ದರು, ನನಗಾಗಿ. ನಾನು ಸ್ನಾನ ಮಾಡಿ ಬಂದು ಶಾಲೆಯ ಹಲಗೆಯ ಮೇಲೆ ಬರೆಯುವಷ್ಟು ದುಂಡಗೆ ಬರೆದೆ.

ಮಧ್ಯಾಹ್ನ ಸದಾಶಿವ ಪೇಠೆಯ ಓಣಿಗಳನ್ನು ಹಾದು ಪ್ರದರ್ಶನದ ಸಭಾಂಗಣಕ್ಕೆ ಹೋದೆವು. ಬಾಗಿಲಲ್ಲಿ ಗುಲಾಬಿ ನೀರು, ಕಾಗದದ ಬಾವುಟ, ಎಲ್ಲ ಸಡಗರವೂ ಇತ್ತು. ಸಂಘದ ಕಾರ್ಯದರ್ಶಿಗಳು ಬಿಳಿ ಕೋಟು ತೊಟ್ಟವರು, ನಗುಮುಖದವರು. ಬುಟ್ಟಿಯಿಂದ ಒಂದು ಹಕ್ಕಿ ಎತ್ತಿ, ಭಂಡಾರ ಒರೆಸಿ, "ಸೊಗಸಾಗಿದೆ! ಇದೇ ಕಪಾಟಿಗೆ," ಎಂದು ಅದನ್ನು ಗಾಜಿನೊಳಗೆ ಕೂರಿಸಿದರು. ಕತರೀನಾ ಬಾಯಿ ನನ್ನ ಕೈ ಹಿಡಿದುಕೊಂಡರು. ಕಾರ್ಯದರ್ಶಿಗಳು ಅಚ್ಚು ಹಾಕಿಸಿದ ಒಂದು ಚೀಟಿಯನ್ನು ಹಕ್ಕಿಯ ಕಾಲ ಬಳಿ ಇಟ್ಟು, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡರು.

ಚೀಟಿಯಲ್ಲಿ "ಜರ್ಮನಿ" ಎಂದಿತ್ತು.

"ಇದು ತಪ್ಪು ಚೀಟಿ," ಎಂದೆ ನಾನು ಇಂಗ್ಲಿಷಿನಲ್ಲಿ.

"ತಪ್ಪೇನಿಲ್ಲ. ಸಮಿತಿಯ ತೀರ್ಮಾನ. ಅಷ್ಟು ಚಿಕ್ಕ ದೇಶಕ್ಕೆ ಬೇರೆ ಮೇಜು ಹಾಕಿದರೆ ನೋಡುವವರಿಗೆ ಗೊಂದಲ. ಮಾತೂ ಜರ್ಮನಿನ ಹಾಗೇ ಕೇಳಿಸುತ್ತದಲ್ಲ? ಜರ್ಮನಿಯ ಮೇಜಿನ ತುದಿಯಲ್ಲಿ ನಿಮ್ಮ ಬುಟ್ಟಿಗೆ ಜಾಗ ಮಾಡಿದ್ದೇವೆ."

ತುದಿಯಲ್ಲಿ! ಹೋಗಿ ನೋಡಿದೆ. ಗಡಿಯಾರ, ಚಾಕು, ದುರ್ಬೀನುಗಳ ಪಕ್ಕದಲ್ಲಿ ಒಂದು ಗೇಣು ಜಾಗ, ಮೇಲೆ ಜರ್ಮನಿಯ ಬಾವುಟ. ನನ್ನ ಮೈಯೆಲ್ಲ ಉರಿದುಹೋಯಿತು. ತಿರುಗಿದರೆ ಪಕ್ಕದಲ್ಲೇ ಮುಂಬಯಿ ಪ್ರಾಂತದ ಮೇಜು. ಅದರ ಮೇಲೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಗೋಕಾಕದ ಬಣ್ಣದ ಹಣ್ಣುಗಳು. ಮೇಲಿನ ಫಲಕ: "ದಕ್ಷಿಣ ಮರಾಠಾ ದೇಶ". ನಮ್ಮ ನಾಲ್ಕು ಕನ್ನಡ ಜಿಲ್ಲೆಗಳನ್ನು ಸರಕಾರಿ ಕಾಗದಗಳಲ್ಲಿ ಹಾಗೆ ಕರೆಯುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಕಲಿಸುವ ಭೂಗೋಳದಲ್ಲೇ ಅದು ಬರುತ್ತದೆ. ಆದರೆ ನಾನು ಉಡುವಂಥ ಸೀರೆಯ ಮೇಲೆಯೇ ಆ ಹೆಸರು ತೂಗಾಡುವುದನ್ನು ಎಂದೂ ಕಂಡಿರಲಿಲ್ಲ.

"ಈ ಸೀರೆ ನೇಯ್ದವರ ಮನೆಯಲ್ಲಿ ಯಾವ ಮಾತು ಆಡುತ್ತಾರೆ, ಗೊತ್ತೇ ನಿಮಗೆ?" ಎಂದು ಕೇಳಿದೆ. ದನಿ ಏರಿತ್ತು. ಸುತ್ತ ಜನ ಸೇರಿದರು.

"ಮೇಡಂ, ಇದು ರಾಜಕೀಯದ ಜಾಗವಲ್ಲ."

"ಹೆಸರು ಅಳಿಸುವವರು ನೀವು, ರಾಜಕೀಯ ನನ್ನದೇ? ಮಾತು ಕೊಟ್ಟು ಆ ಮುದುಕಿಯನ್ನು ಇಲ್ಲಿಯವರೆಗೆ ಕರೆಸಿ, ಅವರ ಕಣ್ಣೆದುರಿಗೇ ಅವರ ದೇಶವನ್ನು ಪಕ್ಕದ ಮನೆಯವರಿಗೆ ಬರೆದುಕೊಟ್ಟಿರಲ್ಲ, ನಾಚಿಕೆಯಾಗುವುದಿಲ್ಲವೇ?"

ಅವರ ನಗುಮುಖ ಹೋಯಿತು. ಆದರೆ ನನ್ನನ್ನು ತಡೆದವರು ಕತರೀನಾ ಬಾಯಿಯೇ. "ಬಿಡು ಮಗಳೇ. ಹಕ್ಕಿ ಇರ್ತದ ಅಲ್ಲ? ಹೆಸರು ಇಲ್ಲ ಅಂದ್ರೂ ಹಕ್ಕಿ ಇರ್ತದ," ಎಂದರು. ಅಷ್ಟು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಕೈಚೀಲದಿಂದ ರಟ್ಟನ್ನು ತೆಗೆದು ಮೆಲ್ಲಗೆ ಮೇಜಿನ ತುದಿಯಲ್ಲಿ ನಿಲ್ಲಿಸಿದರು. ಕಾರ್ಯದರ್ಶಿಗಳು ಅದನ್ನು ಅಷ್ಟೇ ಮೆಲ್ಲಗೆ ಮಗುಚಿಹಾಕಿದರು. ಮಗುಚಿದ್ದು ನನ್ನ ಕೆನ್ನೆಗೆ ಹೊಡೆದಂತಾಯಿತು.

ಆಮೇಲೆ ಅವರಿಗೆ ಅಪ್ಪ ಕಂಡ. "ಇವಕ್ಕೆ ಕಣ್ಣಿಲ್ಲವಲ್ಲ? ಅಪೂರ್ಣ ವಸ್ತು. ಸಂಜೆಯ ಉದ್ಘಾಟನೆಗೆ ಮೊದಲು ಕಣ್ಣು ಬರೆಯಲು ಹೇಳಿ," ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದ.

"ಇಲ್ಲಿ ಬಿಡಸಾಂಗಿಲ್ಲ."

"ಏನಂತೆ?"

"ಇದು ಇವುಗಳ ಮನಿ ಅಲ್ಲಂತ ಹೇಳವ್ವಾ ಅವರಿಗೆ. ಮಂದಿ ಮನ್ಯಾಗ ನಾ ಕಣ್ಣು ಬಿಡಸಾಂವ ಅಲ್ಲ."

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಮರಾಠಿಯಲ್ಲೂ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು. ಕತರೀನಾ ಬಾಯಿ ಮಗುಚಿದ ರಟ್ಟನ್ನು ಎತ್ತಿ, ಬುಟ್ಟಿಯ ಮೇಲಿಟ್ಟು, ಕೋಲೂರಿ ಬಾಗಿಲ ಕಡೆ ನಡೆದರು. ಅಪ್ಪ ಹಿಂದೆ ಹೋದ. ನಾನು ಕಪಾಟಿನ ಹಕ್ಕಿಯನ್ನು ವಾಪಸು ಕೇಳಿದೆ. ದಾನ ಕೊಟ್ಟದ್ದು ಹಿಂತಿರುಗಿಸುವ ರಿವಾಜಿಲ್ಲ ಎಂದರು ಕಾರ್ಯದರ್ಶಿಗಳು. ಕೀಲಿ ಇದ್ದ ಕಿಸೆಯ ಮೇಲೆ ಅವರ ಕೈ ಇತ್ತು.

ಹೊರಗೆ ಬಂದರೆ ಹಸಿವು. ಮೂಲೆಯಲ್ಲೊಂದು ಉಡುಪಿ ಕಡೆಯವರ ಹೋಟೆಲು ಸಿಕ್ಕಿತು. ಗಲ್ಲಾದ ಮೇಲೆ ಕೂತಿದ್ದ ಭಟ್ಟರು ನನ್ನ ಸಿಟ್ಟಿನ ಪುರಾಣವೆಲ್ಲ ಕೇಳಿ, "ಎಂಥ ಮಾರಾಯ್ರೆ, ನಮ್ಮನ್ನೂ ಇಲ್ಲಿ ಮದ್ರಾಸಿ ಅಂತಲೇ ಕರೆಯುವುದು. ಹೇಳಿ ಹೇಳಿ ನನ್ನ ಬಾಯಿ ಸೋತಿತು," ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಹೇಳುವ ಬಾಯಿ ಯಾಕೆ ಸೋಲಬೇಕು? ಅವರ ಇಡ್ಲಿ ಮಾತ್ರ ಚೆನ್ನಾಗಿತ್ತು.

ಈಸ್ಟರಿನ ಮರುದಿನ, ಸೋಮವಾರ ಬೆಳಿಗ್ಗೆ, ಬಾಯಿಯ ವರಾಂಡದಲ್ಲಿ ಸಂತೆ ಕೂಡಿತು. ಅವರ ದೇಶದವರು ಅಂತ ಬಂದವರು ಒಬ್ಬ ಮುದಿ ಪಾದ್ರಿ, ಮುಂಬಯಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಗಂಡಹೆಂಡತಿ. ಅಷ್ಟೇ ಜನ. ರಟ್ಟನ್ನು ಕಂಬಕ್ಕೆ ಕಟ್ಟಿದೆವು. ಬಾಯಿ ತಮ್ಮ ದೀಪದ ಕಾಡಿಗೆ ತಂದರು, ಸುಣ್ಣ ತಂದರು. ಅಪ್ಪ ಕಾಲು ಮಡಚಿ ಕೂತು ಜಾಲಿಮುಳ್ಳಿನಿಂದ ಒಂದೊಂದೇ ಹಕ್ಕಿಗೆ ಕಣ್ಣು ಬಿಡಿಸಿದ. ಬಿಡಿಸಿದ್ದನ್ನು ಬಾಯಿಯ ಮುಖಕ್ಕೆ ತಿರುಗಿಸಿ ಇಡುತ್ತಿದ್ದ. ಪಾದ್ರಿ ಬಾಲಕ್ಕೆ ಬಾಯಿ ಇಟ್ಟು ಊದಿದರು, ಉಸಿರು ಸಾಲದೆ ಕೆಮ್ಮಿದರು, ಮತ್ತೆ ಊದಿದರು. ಆಮೇಲೆ ಎಲ್ಲರೂ ಊದಿದೆವು. ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ನಿಂತು ನೋಡಿದಳು, ಅವಳಿಗೂ ಒಂದು ಸಿಕ್ಕಿತು. ಆ ನಾಲ್ವರು ತಮ್ಮ ಮಾತಿನಲ್ಲಿ ಏನೋ ಒಂದು ವಾಕ್ಯವನ್ನು ಒಟ್ಟಿಗೆ ಹೇಳಿದರು. ಏನೆಂದು ಕೇಳಿದೆ. "ನಾವು ಏನು ಇದ್ದೀವಿ, ಅದೇ ಇರ್ತೀವಿ ಅಂತ," ಎಂದರು ಬಾಯಿ. ಹೇಳಿ ಅತ್ತರು. ನಾನೂ ಅತ್ತೆ, ಅದರಲ್ಲೇನು ಮುಚ್ಚುಮರೆ.

ಮರುದಿನ ಗಾಡಿ ಹತ್ತಿದೆವು. ಬುಟ್ಟಿ ಖಾಲಿ, ಹುಲ್ಲಿನಲ್ಲಿ ಭಂಡಾರ ಮಾತ್ರ ಉಳಿದಿತ್ತು. ಜೇಜುರಿ ದಾಟುವವರೆಗೂ ನಾನು ಕಾರ್ಯದರ್ಶಿಯನ್ನು ಬೈಯುತ್ತಲೇ ಇದ್ದೆ. ಆ ಒಂದು ಹಕ್ಕಿ ಅಲ್ಲಿ ಉಳಿಯಿತಲ್ಲ ಎಂಬುದು ನನ್ನ ಸಂಕಟ. ಅಪ್ಪ ಕಿಟಕಿಯಾಚೆ ನೋಡುತ್ತಲೇ, "ಇರ್ಲಿ ಬಿಡು. ಚೀಟಿ ಬದಲಿ ಮಾಡಿದ ದಿನ ಹೇಳಿ ಕಳಸ್ಲಿ. ಹೋಗಿ ಬಿಡಿಸಿ ಬರೂಣಂತ. ಅಲ್ಲೀತನ ಅದು ಏನೂ ನೋಡೂದು ಬ್ಯಾಡ," ಎಂದ. ಜಾಲಿಮುಳ್ಳನ್ನು ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡಿದ್ದ.

ಬಾಯಿ ತವರು ಮುಟ್ಟಿದ ಮೇಲೆ ಯುದ್ಧ ಬಂತು. ಜರ್ಮನಿಯ ಸೈನ್ಯ ಆ ಪುಟ್ಟ ದೇಶದೊಳಗೆ ನುಗ್ಗಿ, ಅದು ತನ್ನದೇ ಎಂದು ಫಲಕ ಹಾಕಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ರಟ್ಟನ್ನು ಮೆಲ್ಲಗೆ ಮಗುಚಿದ ಬಿಳಿ ಕೋಟಿನ ಕಾರ್ಯದರ್ಶಿಗಳ ಕೈ. ಈಗ ಯುದ್ಧ ಮುಗಿದಿದೆ, ದೇಶ ಅದರ ಜನರಿಗೆ ಮರಳಿದೆ. ಪುಣೆಗೆ ಹೋಗಿಬಂದ ನಮ್ಮೂರವರನ್ನು ಕೇಳುತ್ತೇನೆ. ಹಕ್ಕಿ ಅದೇ ಕಪಾಟಿನಲ್ಲಿದೆ, ಚೀಟಿ ಅದೇ ಇದೆ ಎನ್ನುತ್ತಾರೆ. ಅಪ್ಪ ಹೋದ ವರ್ಷ ತೀರಿಕೊಂಡ. ಜಾಲಿಮುಳ್ಳು ನನ್ನ ಹತ್ತಿರ ಇದೆ. ಕಣ್ಣು ಬಿಡಿಸುವುದನ್ನು ನಾನೂ ಕಲಿತಿದ್ದೇನೆ. ಇನ್ನೂ ಯಾರೂ ಹೇಳಿ ಕಳಿಸಿಲ್ಲ.