ಹೆಗಲಪಟ್ಟಿಯ ಮೇಲಿನ ಅಂಕಿ

ಗಲಗಲಿಯ ಪರಸಪ್ಪನ ಪಡಸಾಲೆಯಲ್ಲಿ ದೇವರ ಪಟ, ಮದುವೆಯ ಫೋಟೋಗಳ ಸಾಲಿನಲ್ಲೇ ನಾಲ್ಕು ಜನ ಜರ್ಮನ್ ಸಿಪಾಯಿಗಳೂ ಇದ್ದರು. ಕಲ್ಲಿನ ಬಾವಿಕಟ್ಟೆಗೆ ಒರಗಿ ನಗುತ್ತಿದ್ದ ಹುಡುಗರು. ಎಡತುದಿಯವನು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದಿದ್ದ. ಬಂದ ಬೀಗರು, “ಇವರು ಯಾವ ಕಡಿ ಕಳ್ಳುಬಳ್ಳಿಯವರೋ ಮಾರಾಯಾ?” ಎಂದು ಚೇಷ್ಟೆ ಮಾಡಿದರೆ ಪರಸಪ್ಪ, “ಆ ಟೊಪಗಿ ಹಿಡದಾಂವ ನನ್ನ ಜೋಡಿ ಗುಡ್ಡಾ ಇಳದಾನ್ರಿ,” ಎಂದಷ್ಟೇ ಹೇಳಿ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ.

ಎರಡನೆಯ ದೊಡ್ಡ ಯುದ್ಧದಲ್ಲಿ ಬ್ರಿಟಿಷರ ಸೇನೆಯಲ್ಲಿದ್ದರೂ ಅವನು ಬಂದೂಕು ಹಿಡಿದವನಲ್ಲ. ಇಟಲಿಯ ಗುಡ್ಡಗಳಲ್ಲಿ ಹೇಸರಗತ್ತೆ ಹೊಡೆದವನು. ಲಾರಿ ಹತ್ತದ ದಾರಿಯಲ್ಲಿ ರೊಟ್ಟಿ, ನೀರು, ಗುಂಡು ಹೊತ್ತು ಮೇಲಕ್ಕೆ ಹೋಗಬೇಕು. ಗಾಯಗೊಂಡವರನ್ನು ಹೊತ್ತು ಕೆಳಗೆ ಬರಬೇಕು. ಇಷ್ಟು ಮಾತ್ರ ಮನೆಯವರಿಗೆ ಗೊತ್ತಿತ್ತು.

ಎಪ್ಪತ್ತೊಂದರ ಚಳಿಗಾಲದಲ್ಲಿ ಮತ್ತೆ ಯುದ್ಧ ಬಂತು. ಊರವರೆಲ್ಲ ಪಂಚಾಯ್ತಿ ರೇಡಿಯೋದ ಮುಂದೆ ಕೂತರೆ ಪರಸಪ್ಪ ಮನೆಯಲ್ಲೇ ಉಳಿದ. ಮಗಳು ತಾಯವ್ವ ಬೀಳಗಿಯ ಕನ್ನಡ ಸಾಲೆಯಲ್ಲಿ ಅಕ್ಕೋರು. ರವಿವಾರ ಮನೆಗೆ ಬಂದಾಗ ಅಪ್ಪ ಗೋಡೆಯಿಂದ ಫೋಟೋ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಈ ಹುಡುಗನ ಮನಿ ಎಲ್ಲಿತ್ತೋ ಏನೋ,” ಎಂದ, ಯಾರಿಗೆ ಎಂದಿಲ್ಲದೆ.

“ಹುಡುಕೂಣೇನ ಯಪ್ಪಾ?”

“ಹೆಸರ ಗೊತ್ತಿಲ್ಲ, ಊರ ಗೊತ್ತಿಲ್ಲ. ಏನಂತ ಹುಡುಕ್ತಿ?” ಎಂದನಾದರೂ ಫೋಟೋವನ್ನು ಅವಳ ಕೈಗೆ ಕೊಟ್ಟ.

ತಾಯವ್ವ ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬನಹಟ್ಟಿಗೆ ಹೋದಳು. ಅಲ್ಲಿ ಗಡಿಯಾರ ರಿಪೇರಿ ಮಾಡುವ ಅಪ್ಪಾಸಾಬ ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಭೂತಗನ್ನಡಿಯನ್ನು ಅವಳಿಗೇ ಕೊಟ್ಟ. ಮಗ್ಗಗಳ ಸದ್ದು ಬೀದಿ ತುಂಬ. ಅವಳು ಬಗ್ಗಿ ಹುಡುಗರ ಗುಂಡಿ, ಕಾಲರು, ಹೆಗಲು ಎಲ್ಲ ನೋಡುತ್ತ ಹೋದಳು. ಮೂವರ ಹೆಗಲು ಮಸುಕು. ಟೊಪ್ಪಿಗೆಯವನ ಹೆಗಲಪಟ್ಟಿಯ ಮೇಲೆ ಮಾತ್ರ ಬೆಳ್ಳಗೆ ಮೂರು ಅಂಕಿ ಕೂತಿದ್ದವು: ಐದು, ಏಳು, ಏಳು.

“ಸಿಕ್ತೇನ್ರಿ ಅಕ್ಕೋರ?”

“ಅಂಕಿ ಸಿಕ್ಕೈತ್ರಿ. ಯಾರಿಗೆ ಕೇಳೋದೋ ತಿಳೀವಲ್ದು.”

ವಿಜಾಪುರದ ಸೈನಿಕರ ಕಚೇರಿಯಲ್ಲಿ ಕೇಳಿದಳು. ನಮ್ಮ ಪಲ್ಟನ್ನುಗಳ ವಿಚಾರ ಕೇಳಿದರೆ ಹೇಳೇವು, ವೈರಿಯದು ನಮಗೇನು ಗೊತ್ತು ಎಂದರು. ಧಾರವಾಡಕ್ಕೆ ಹೋಗಿ ದೊಡ್ಡ ಗ್ರಂಥಾಲಯದಲ್ಲಿ ದಪ್ಪ ಪುಸ್ತಕಗಳನ್ನು ತಿರುವಿದಳು. ಅಲ್ಲಿ ಸೇನಾಪತಿಗಳಿದ್ದರು, ಬಾವಿಕಟ್ಟೆಯ ಹುಡುಗರಿರಲಿಲ್ಲ.

ದಾರಿ ತೆರೆದದ್ದು ಅವ್ವನ ಹೊಟ್ಟೆಯ ಆಪರೇಶನ್ನಿನಿಂದ. ಕರೆವ್ವನನ್ನು ಗದಗದ ಕಡೆಯ ಒಂದು ಮಿಶನ್ ದವಾಖಾನೆಗೆ ಸೇರಿಸಿದ್ದರು. ಅಲ್ಲಿ ಹೆಡ್ವಿಗ್ ಎಂಬ ವಯಸ್ಸಾದ ಜರ್ಮನ್ ಸಿಸ್ಟರ್ ಇದ್ದಳು. ಬಾಣಂತಿಯರನ್ನು ಅಚ್ಚ ನಮ್ಮ ಮಾತಿನಲ್ಲೇ ಗದರಿಸುವಾಕೆ. ತಾಯವ್ವ ಅಳುಕುತ್ತಲೇ ಫೋಟೋ ತೋರಿಸಿ ಹೆಗಲಪಟ್ಟಿಯ ಅಂಕಿಯನ್ನೂ ಹೇಳಿದಳು. ಸಿಸ್ಟರ್ ಕಿಟಕಿಯ ಬೆಳಕಿಗೆ ಹಿಡಿದಳು.

“ಇವರು ನಮ್ಮ ಕಡೀ ಹುಡುಗೂರು,” ಎಂದಳು. “ನನ್ನ ತವರಮನಿ ಕಡೆ ಒಂದು ದೊಡ್ಡ ಕೆರಿ ಐತಿ, ಸಮುದ್ರದಂಗ. ಆ ದಂಡಿಮ್ಯಾಲಿನ ಊರಾಗಿಂದ ಈ ನಂಬರಿನ ಪಲ್ಟನ್ನಿಗೆ ಭಾಳ ಮಂದಿ ಹೋಗಿದ್ರು. ಒಕ್ಕಲಿಗರ ಮಕ್ಕಳು, ಬಡಗ್ಯಾರ ಮಕ್ಕಳು, ಕಾಲಾಳು ಸಿಪಾಯಿಗಳು. ನನ್ನ ಚಿಗವ್ವನ ಮಗಾನೂ ಇದ್ದ.”

ಮರುವರ್ಷ ಸಿಸ್ಟರ್ ರಜೆಯ ಮೇಲೆ ತನ್ನೂರಿಗೆ ಹೋಗುವಾಗ ಫೋಟೋದ ಪ್ರತಿಯೊಂದನ್ನು ಒಯ್ದಳು. ಆ ಪಲ್ಟನ್ನಿನಲ್ಲಿ ಬದುಕಿ ಉಳಿದವರು ಈಗಲೂ ವರ್ಷಕ್ಕೊಮ್ಮೆ ಕೂಡುತ್ತಿದ್ದರಂತೆ. ತಿರುಗಿ ಬಂದವಳು ತಾಯವ್ವನಿಗೆ ಹೇಳಿಕಳಿಸಿ, ಅವಳ ಜೊತೆಗೇ ಬಸ್ಸು ಹತ್ತಿ ಗಲಗಲಿಗೆ ಬಂದಳು. ಕರೆವ್ವ ಕಂಬಳಿ ಹಾಸಿದಳು. ಪರಸಪ್ಪ ರುಮಾಲು ಸುತ್ತಿಕೊಂಡು ಎದುರಿಗೆ ಕೂತ.

“ನಿಮ್ಮ ಹುಡುಗನ ಹೆಸರು ಕೊನ್ರಾಡ್,” ಎಂದಳು ಸಿಸ್ಟರ್. “ಫೋಟೋದಾಗಿನ ಒಬ್ಬಾಂವ ಇನ್ನೂ ಜೀವಂತ ಅದಾನ. ಗುಡ್ಡಾ ಬಿಟ್ಟು ಹಿಂದಕ್ಕ ಸರಿಯೋವಾಗ ಕೊನ್ರಾಡ್ ಬರಲಿಲ್ಲಂತ. ಅವನ ತಾಯಿ ಅದಾಳ. ಮಗ ಕಾಣೆಯಾಗ್ಯಾನ ಅನ್ನೋದು ಬಿಟ್ಟರ ಆಕಿಗೆ ಇವತ್ತಿನ ತನಕಾ ಯಾರೂ ಏನೂ ಹೇಳಿಲ್ಲ. ನಿಮಗೇನರ ಗೊತ್ತೇನು ಅಂತ ಕೇಳ್ಯಾಳ.”

ಅಪ್ಪನ ಮುಖ ನೋಡಿ ತಾಯವ್ವನಿಗೆ ತಿಳಿಯಿತು. ತಾನು ಹುಡುಕಿದ್ದು ಅಪ್ಪನಿಗಾಗಿ ಉತ್ತರವನ್ನು. ಉತ್ತರ ಇದ್ದದ್ದೇ ಅಪ್ಪನ ಹತ್ತಿರ.

“ಹೇಳಿದ್ರ ಆ ತಾಯಿ ತಡಕೊಂತಾಳೇನ್ರಿ?” ಎಂದು ಕೇಳಿದ ಪರಸಪ್ಪ.

“ಇಷ್ಟು ವರ್ಷ ಏನೂ ತಿಳೀದನ ತಡಕೊಂಡಾಳ.”

ಪರಸಪ್ಪ ಹೇಳತೊಡಗಿದ. ಹುಡುಗನಿಗೆ ತೊಡೆಯಲ್ಲಿ ಗಾಯವಾಗಿತ್ತು. ಸೆರೆಸಿಕ್ಕವನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕಟ್ಟಿದ್ದರು. ಅರ್ಧ ದಾರಿಯಲ್ಲಿ ಗುಂಡುಗಳು ಬೀಳತೊಡಗಿದವು. ಹೇಸರಗತ್ತೆ ಬೆದರಿ ಕಂದಕದ ಕಡೆ ಎಳೆಯಿತು. “ನಾ ಒದರಿದ್ರ ಅದು ಕೇಳವಲ್ದು. ಆ ಹುಡುಗ ಬಗ್ಗಿ ಅದರ ಕಿವ್ಯಾಗ ಏನೋ ಅಂದ, ಕುತಿಗಿ ಸವರಿದ. ನಿಂತಬಿಡ್ತು. ಇಬ್ಬರೂ ನಕ್ಕಿವಿ. ಕೆಳಗ ಬಂದ ಮ್ಯಾಲ ನನ್ನ ಬಾಟ್ಲಿ ನೀರು ಕುಡದ, ಈ ಫೋಟೋ ಕೊಟ್ಟ. ನಾ ಮತ್ತ ಮ್ಯಾಲ ಹೋಗಿ ಬರೂದ್ರಾಗ ಅವನ ಮುಖಕ್ಕ ಕಂಬಳಿ ಹೊಚ್ಚಿದ್ರು.” ಮತ್ತೆ ಹೇಳಿದ, “ಅವರ ದೇವರ ಒಂದ ಸಣ್ಣ ಗುಡಿ ಇತ್ತು, ಗಂಟಿ ಒಡದಿತ್ತು. ಅದರ ಹಿಂದ ಮಣ್ಣ ಕೊಟ್ವಿ. ನಾನೂ ಒಂದ ಬುಟ್ಟಿ ಹಾಕೀನಿ.”

ಕರೆವ್ವ ಸೆರಗು ಬಾಯಿಗೆ ಹಿಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಇದು ಹೊಸದು.

ಮಾಗಿಯ ಹೊತ್ತಿಗೆ ಸಿಸ್ಟರ್ ಮತ್ತೆ ಬಂದಳು. ಕೊನ್ರಾಡನ ತಮ್ಮ, ಬದುಕಿ ಉಳಿದ ಗೆಳೆಯನನ್ನು ದಾರಿ ಕೇಳಿಕೊಂಡು ಆ ಗುಡ್ಡಗಾಡಿಗೆ ಹೋಗಿ ಗುಡಿಯನ್ನು ಹುಡುಕಿದ್ದ. ಅಲ್ಲಿದ್ದ ಎಲುಬುಗಳನ್ನು ಎಷ್ಟೋ ಹಿಂದೆಯೇ ದೊಡ್ಡ ಗೋರಿಸ್ಥಳಕ್ಕೆ ಒಯ್ದು ಹೆಸರಿಲ್ಲದವರ ಜೊತೆ ಇಟ್ಟಿದ್ದರು. ಯಾವುದು ಅಣ್ಣನದು ಎಂದು ತಿಳಿಯಲಿಲ್ಲ. ಗುಡಿಯ ಹಿಂದಿನ ಒಂದು ಹಿಡಿ ಮಣ್ಣನ್ನು ತಾಯಿಗೆ ತಂದುಕೊಟ್ಟಿದ್ದ.

“ಆ ತಾಯಿ ಎಲ್ಲಾ ಕೇಳಿ ಒಂದ ಮಾತು ಕೇಳ್ಯಾಳ,” ಎಂದಳು ಸಿಸ್ಟರ್. “ಅವರ ಮನ್ಯಾಗ ಗಾಡಿ ಕುದರಿ ಇದ್ವಂತ, ಹುಡುಗ ಅವುಗಳ ಕೂಡನ ಬೆಳದಾನ. ಆ ಹೇಸರಗತ್ತಿ ಹೆಸರು ಏನಿತ್ತು ಅಂತ.”

ಪರಸಪ್ಪನ ಕಣ್ಣು ತುಂಬಿ ಬಂತು. “ಗೌರಿ ಅಂತಿದ್ನಿರಿ ನಾನು. ತಾಯವ್ವಾ, ಆ ತಾಯಿಗೆ ಬರಿಯವಾ. ಒಂದ ಕಿವಿ ಹರದಿತ್ತು. ಕಾಳಕಿಂತ ಬೆಲ್ಲಾ ಅಂದ್ರ ಜೀವಾ ಬಿಡ್ತಿತ್ತು. ಹೊಳಿ ದಾಟೂಮುಂದ ಮಾತ್ರ ಹಟಾ ಮಾಡ್ತಿತ್ತು...”

ಅವನು ಹೇಳುತ್ತಲೇ ಹೋದ. ಒಲೆಯ ಮೇಲಿನ ಚಹಾ ಉಕ್ಕಿ ಚೆಲ್ಲಿದರೂ ಕರೆವ್ವ ಏಳಲಿಲ್ಲ.